ಬೆಲ್ಲ, ಟಾನಿಕ್ ನಿಲ್ಲಿಸಿದೆ, ಕುದುರೆ ಕುಂಟೋದು ನಿಂತಿತು

ಅಕ್ಕಲಕೋಟ ಸೀಮೆಯಲ್ಲಿ ಲಗ್ನದ ಕುದುರೆ ಸಾಕುವವರದೆಲ್ಲ ಒಂದೇ ಮಾತು. ಕುದುರೆ ಮಂಕಾದರೆ ಬೆಲ್ಲ ಕೊಡು, ಐರನ್ ಟಾನಿಕ್ ಕುಡಿಸು. ನಾನು ಎರಡನ್ನೂ ನಿಲ್ಲಿಸಿದಾಗ "ರಕ್ತ ಬತ್ತಿ ಹೋಗ್ತದ ನೋಡಪಾ" ಅಂದವರೇ ಜಾಸ್ತಿ. ಈಗ ಅವರೇ ಬಂದು ಏನು ಹಾಕ್ತೀ ಅಂತ ಕೇಳುತ್ತಾರೆ.

ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಯಲ್ಲಿ ತಂದ ಬಿಳಿ ಹೆಣ್ಣುಕುದುರೆ ಇದು. ಕತ್ತಿನ ಮೇಲೆ ಗಟ್ಟಿ ಕೊಬ್ಬು, ಮೇಲಿಂದ ಮೇಲೆ ಲ್ಯಾಮಿನೈಟಿಸ್, ಅಂದ್ರೆ ಗೊರಸಿನೊಳಗೆ ಉರಿಯೂತವಾಗಿ ಕುಂಟಿಸುವ ರೋಗ. ಒಂದು ಲಗ್ನದ ಸೀಸನ್ ಪೂರ್ತಿ ಕೊಟ್ಟಿಗೆಯಲ್ಲೇ ನಿಂತಿತು. ಕೈತಪ್ಪಿದ ಬಾಡಿಗೆಯೇ ಲಕ್ಷದ ಹತ್ತಿರ. ಔಷಧಿ, ಲಾಳ ಹೊಡೆಯುವ ನಾಲಬಂದನ ರೊಕ್ಕ ಬೇರೆ. ಕಾಳು ಬಿಡಿಸಿದೆ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪೂ ಬಿಡಿಸಿದೆ. ಮೈ ಇಳಿಯಿತು, ಕಾಲು ಸುಧಾರಿಸಲಿಲ್ಲ.

ಜೋಳದ ಕಣಿಕೆಯನ್ನು ಲ್ಯಾಬಿಗೆ ಕಳಿಸಿದೆ. ಸಾವಿರದ ಆಸುಪಾಸು ಖರ್ಚಾಯಿತು. ಕಿಲೋಗೆ ಸುಮಾರು 300 ಮಿಲಿಗ್ರಾಂ ಕಬ್ಬಿಣ. ಕುದುರೆಗೆ ಬೇಕಾದದ್ದು 40! ತಾಮ್ರ 10 ಇರಬೇಕಾದಲ್ಲಿ ಐದೋ ಆರೋ. ಮೈಗೆ ಸೇರಿದ ಹೆಚ್ಚಿನ ಕಬ್ಬಿಣವನ್ನು ಕುದುರೆ ಸುಲಭವಾಗಿ ಹೊರಹಾಕಲಾರದು. ಇನ್ಸುಲಿನ್ ಏರಿದರೆ ಲ್ಯಾಮಿನೈಟಿಸ್ ಬರಬಹುದು, ಸಕ್ಕರೆ ಅದನ್ನು ಏರಿಸುತ್ತದೆ. ಇನ್ಸುಲಿನ್ ಏರಿದ ಕುದುರೆಗಳಲ್ಲಿ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಕೂಡಿಡುವ ಪ್ರೋಟೀನ್) ಕೂಡ ಏರಿರುವುದನ್ನು ಅಧ್ಯಯನಗಳು ತೋರಿಸಿವೆ. ಯಾವುದರಿಂದ ಯಾವುದು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಹಾಗಂತ ಬೇಡದ ಕಬ್ಬಿಣ ಸುಮ್ನೆ ಯಾಕೆ ಸುರಿಯಬೇಕು, ಅಲ್ವಾ?

ಕಣಿಕೆ ಕತ್ತರಿಸಿ ಒಂದು ತಾಸು ನೆನೆಹಾಕಿ ನೀರು ಚೆಲ್ಲತೊಡಗಿದೆ. ಅಂಟಿದ ಕರಿಮಣ್ಣಿನ ಧೂಳು ಹೋಗುತ್ತದೆ, ಸಕ್ಕರೆಯೂ ಇಳಿಯುತ್ತದೆ. ಬೇಸಿಗೆಯಲ್ಲಿ ಮಾತ್ರ ಮೇವು ಹುಳಿ ಬಂದು ಎಷ್ಟೋ ತಿಪ್ಪೆ ಸೇರಿತು. ಈಗ ಒಂದು ಹೊತ್ತಿಗೆ ಬೇಕಾದಷ್ಟೇ ನೆನೆಸುತ್ತೇನೆ. ಐರನ್ ಬೆರೆತ ಮಿನರಲ್ ಮಿಕ್ಸ್ಚರ್ ಬಿಟ್ಟು, ಡಾಕ್ಟರ ಹತ್ತಿರ ಲೆಕ್ಕ ಹಾಕಿಸಿ ತಾಮ್ರ, ಸತು ಕೊಟ್ಟೆ. ಕಹಿಗೆ ಬಕೆಟ್ಟನ್ನೇ ಒದೆಯುತ್ತಿತ್ತು. ಕಡೆಗೆ ತಿನ್ನಿಸುವ ಉಪಾಯ ಸಿಕ್ಕಿತು. ಅದು ನನ್ನ ಹತ್ತಿರವೇ ಇರಲಿ. ತಾಮ್ರ, ಸತುವಿನ ಖರ್ಚು ತಿಂಗಳಿಗೆ ಮುನ್ನೂರು ರೂಪಾಯಿ ಬಂದರೆ ಹೆಚ್ಚು.

ಆರೇಳು ತಿಂಗಳಿಗೆ ಕತ್ತಿನ ಕೊಬ್ಬು ಮೆತ್ತಗಾಯಿತು. ಗೊರಸು ಪೂರ್ತಿ ಹೊಸದಾಗಲು ವರ್ಷವೇ ಬೇಕು, ಅವಸರ ಮಾಡಬೇಡಿ. ಈ ಸೀಸನ್‌ನಲ್ಲಿ ಒಪ್ಪಿಕೊಂಡ ಒಂದು ಮೆರವಣಿಗೆಯನ್ನೂ ತಪ್ಪಿಸಲಿಲ್ಲ. ಈ ಭಾಗದಲ್ಲಿ ಇಂಥ ಕುಂಟು ಕಾಲನ್ನು ಹೀಗೆ ಸುಧಾರಿಸಿದವರು ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಡುವೆ ನೀರನ್ನೂ ನೋಡಿದೆ. ನೆದರ್ಲ್ಯಾಂಡ್ಸ್‌ನಲ್ಲಿ ಕಬ್ಬಿಣ ಹೆಚ್ಚಿದ್ದ ನೀರು ವರ್ಷಗಟ್ಟಲೆ ಕುಡಿದು ಕುದುರೆಗಳ ಲಿವರ್ ಕೆಟ್ಟ ದಾಖಲೆ ಇದೆ. ಬೋರಿನ ನೀರನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟೆ. ತಿಳಿಯಾಗೇ ಇತ್ತು. ತುಕ್ಕು ಹಿಡಿದ ಬ್ಯಾರೆಲ್ಲಿನ ನೀರು ಇಟ್ಟರೆ ತಳದಲ್ಲಿ ಕೆಂಪು ಗಸಿ. ಬ್ಯಾರೆಲ್ ಗುಜರಿಗೆ ಹಾಕಿ ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಮೂರೋ ನಾಲ್ಕೋ ಸಾವಿರ ಬಿತ್ತು.