ಮಕ್ಕಿಗದ್ದೆಗೆ ರಂಜಕದ ಕೊರತೆ ತಾಳುವ ಭತ್ತವನ್ನು ಆರಿಸುವ ಬಗೆ

ಶಿರಸಿಯ ಮಕ್ಕಿಗದ್ದೆಗಳ ಚಿರೇಕಲ್ಲಿನ ಹುಳಿಮಣ್ಣಿನಲ್ಲಿ ರಂಜಕ ಇಲ್ಲವೆಂದಲ್ಲ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತವೆ. ನೀರು ನಿಲ್ಲುವ ಗದ್ದೆಯಲ್ಲಿ ಕಬ್ಬಿಣ ಕರಗುವಾಗ ರಂಜಕವೂ ಸ್ವಲ್ಪ ಬಿಡುಗಡೆಯಾಗುವುದರಿಂದ, ಕೊರತೆಯ ಪೆಟ್ಟು ಹೆಚ್ಚಾಗಿ ಬೀಳುವುದು ನೀರು ನಿಲ್ಲದ ಮಕ್ಕಿಗೆ.

ಈ ಪೆಟ್ಟನ್ನು ಎಲ್ಲ ತಳಿಗಳೂ ಒಂದೇ ರೀತಿ ತಾಳುವುದಿಲ್ಲ. ಕಸಾಲತ್ ಎಂಬ ಭತ್ತದ 12ನೇ ವರ್ಣತಂತುವಿನಲ್ಲಿ ಈ ಗುಣದ ನೆಲೆಯನ್ನು 1998ರಲ್ಲಿ ಗುರುತಿಸಲಾಯಿತು. ಅಲ್ಲಿರುವ ಪಿಸ್ಟಾಲ್1 ಎಂಬ ವಂಶವಾಹಿಯು ಎಳೆಯ ಸಸಿಯ ಬೇರನ್ನು ಬೇಗ ಬೆಳೆಸುತ್ತದೆಂದು 2012ರಲ್ಲಿ ತಿಳಿದುಬಂತು. ರಂಜಕ ಮಣ್ಣಿನಲ್ಲಿ ಅತ್ಯಲ್ಪ ದೂರ ಮಾತ್ರ ಚಲಿಸುವುದರಿಂದ ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ವಂಶವಾಹಿಯ ಇರವನ್ನು ಪ್ರಯೋಗಾಲಯವೇ ಹೇಳಬೇಕಾದರೂ, ತಾಳುವ ಗುಣವನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು.

ಮೊದಲು ಮಣ್ಣನ್ನು ಪರೀಕ್ಷೆಗೆ ಕೊಡಿ. ಹುಳಿಮಣ್ಣಿನ ರಂಜಕವನ್ನು ಅಳೆಯಲು ಬ್ರೇ ಎಂಬ ವಿಧಾನವೇ ಸರಿಯೆಂದು ಪ್ರಯೋಗಾಲಯದವರಿಗೆ ನೆನಪಿಸಿ. ರಂಜಕ ಕಡಿಮೆಯೆಂದು ಖಚಿತವಾದ ಮಣ್ಣನ್ನು ಜರಡಿ ಹಿಡಿದು, ಆಳವಾದ ಚೀಲಗಳಿಗೆ ತಲಾ 10 ಕಿಲೋ ತುಂಬಿ. ಪ್ರತಿ ತಳಿಗೂ ಕನಿಷ್ಠ ಆರು ಚೀಲಗಳಿರಲಿ. ಎಲ್ಲಕ್ಕೂ ತಲಾ 2 ಗ್ರಾಂ ಯೂರಿಯಾ, 1 ಗ್ರಾಂ ಪೊಟ್ಯಾಷ್ ಬೆರೆಸಿ, ಮೂರಕ್ಕೆ ಮಾತ್ರ ತಲಾ 5 ಗ್ರಾಂ ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟ್ ಹಾಕಿ. ಸೂಪರ್ ಫಾಸ್ಫೇಟಿನಲ್ಲಿ ಗಂಧಕ ಮತ್ತು ಸುಣ್ಣದ ಅಂಶಗಳೂ ಇರುತ್ತವೆ. ಅವುಗಳ ಫಲವನ್ನು ರಂಜಕದ ಫಲವೆಂದು ತಪ್ಪಾಗಿ ಎಣಿಸದಿರಲು ಉಳಿದ ಮೂರಕ್ಕೆ ಒಂದಿಷ್ಟು ಜಿಪ್ಸಂ ಕೊಡುವುದು ಒಳ್ಳೆಯದು. ಮಣ್ಣು ಹಸಿಯಾಗಿರಲಿ, ಆದರೆ ನೀರು ನಿಲ್ಲಬಾರದು. ನಿಂತರೆ ಪರೀಕ್ಷೆಯೇ ಕೆಡುತ್ತದೆ.

ಮೊಳೆತ ಎರಡು ವಾರಗಳಲ್ಲಿ ಯಾವ ತೀರ್ಮಾನಕ್ಕೂ ಬರಬೇಡಿ, ಏಕೆಂದರೆ ಆಗ ಸಸಿ ಬೀಜದಲ್ಲಿಯೇ ಕೂಡಿಟ್ಟ ರಂಜಕವನ್ನು ಉಣ್ಣುತ್ತಿರುತ್ತದೆ. ದಪ್ಪ ಕಾಳಿನ ತಳಿ ಸುಮ್ಮನೆ ಮುಂದಿರುವಂತೆ ಕಾಣಬಹುದು. ಆರನೆಯ ವಾರದಲ್ಲಿ ತೆಂಡೆಗಳನ್ನು, ಅಂದರೆ ಬುಡದಿಂದ ಒಡೆದ ಕವಲುಗಳನ್ನು, ಎಣಿಸಿ, ಬೇರಿನ ಮಣ್ಣನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಗಿಡವನ್ನು ಒಣಗಿಸಿ ತೂಗಿ. ಕೊರತೆಯಾದ ಗಿಡ ಗಿಡ್ಡವಾಗಿ, ಎಲೆ ಕಡುಹಸುರಾಗಿ, ತೆಂಡೆ ವಿರಳವಾಗಿರುತ್ತದೆ.

ಆರಿಸುವಾಗ ರಂಜಕ ಹಾಕದ ಮತ್ತು ಹಾಕಿದ ಗುಂಪುಗಳ ತೂಕದ ಅನುಪಾತವನ್ನಷ್ಟೇ ನಂಬುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಗೊಬ್ಬರಕ್ಕೂ ಸ್ಪಂದಿಸದ ಬಡಕಲು ತಳಿಯ ಅನುಪಾತ ಚೆನ್ನಾಗಿಯೇ ಬರುತ್ತದೆ. ರಂಜಕ ಹಾಕದ ಚೀಲದಲ್ಲಿ ಯಾವುದರ ತೂಕ ನಿಜಕ್ಕೂ ಹೆಚ್ಚೋ ಅದನ್ನು ಮೊದಲು ನೋಡಿ, ಅನುಪಾತವನ್ನು ಆಮೇಲೆ. ಹೀಗೆ ಗೆದ್ದ ಎರಡು ತಳಿಗಳನ್ನು ಮುಂದಿನ ಮಳೆಗಾಲದಲ್ಲಿ ಮಕ್ಕಿಯ ಒಂದೊಂದು ಪಟ್ಟಿಯಲ್ಲಿ ಬಿತ್ತಿ, ಕಾಳನ್ನು ಬೇರೆ ಬೇರೆಯಾಗಿಯೇ ಒಕ್ಕಿ ತೂಗಿ. ಎಳವೆಯಲ್ಲಿ ಬೇರು ಚೆನ್ನಾಗಿ ಬಿಟ್ಟದ್ದು ಕಾಳಿಗೂ ಒದಗಿತೇ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.