ಕೂಲಿಯ ಲೆಕ್ಕದಿಂದ ಶುರು: ಗೇರುಬೀಜದ ಫ್ಯಾಕ್ಟರಿಯಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳು

ಕಾರ್ಕಳದ ಕಡೆ ನಮ್ಮದೊಂದು ಚಿಕ್ಕ ಗೇರುಬೀಜದ ಫ್ಯಾಕ್ಟರಿ ಇದೆ. ಅಪ್ಪ ಶುರುಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಕೆಲವರು ಮೊದಲು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದವರು. ಗೋಡಂಬಿ ಕೊಳ್ಳುವ ದೊಡ್ಡ ಕಂಪನಿಯೊಂದು ಒಂದು ಪ್ರಶ್ನಾವಳಿ ಕಳಿಸಿದಾಗಲೇ ವಿಶ್ವಸಂಸ್ಥೆಯ ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಎಂಬ ಮಾತು ನಮ್ಮ ಆಫೀಸಿನ ಮೇಜಿಗೆ ಬಂದದ್ದು. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಹಾಗಾಗಿ ಅವರಿಗೆ ಬಂದ ಪ್ರಶ್ನೆ ಕೆಳಗಿಳಿಯುತ್ತಾ ಕೊನೆಗೆ ನಮ್ಮಂಥವರ ಬಾಗಿಲಿಗೂ ಬರುತ್ತದೆ.

ನಮ್ಮ ಅಳತೆಯ ವ್ಯವಹಾರಕ್ಕೆ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಕಲಂ ಅನ್ವಯಿಸುವುದಿಲ್ಲ. 500 ಕೋಟಿಯ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿಯ ವಹಿವಾಟು, ಇಲ್ಲವೇ 5 ಕೋಟಿಯ ನಿವ್ವಳ ಲಾಭ ಇದ್ದವರು ಲಾಭದ ಶೇ. 2ರಷ್ಟನ್ನು ತೆಗೆದಿಡಬೇಕು ಅನ್ನುವ ನಿಯಮ ಅದು. ಅದರಿಂದಾಗಿ ನಮ್ಮಲ್ಲಿ ಅನೇಕರು, ಇದು ದೊಡ್ಡವರು ಲಾಭ ಬಂದ ಮೇಲೆ ಶಾಲೆಗೆ ಬೆಂಚು ಕೊಡುವ ವಿಷಯ ಎಂದುಕೊಂಡಿದ್ದಾರೆ. ಬೆಂಚು ಕೊಡುವುದು ಒಳ್ಳೆಯದೇ. ಆದರೆ ಲಾಭ ಬರುವುದಕ್ಕೆ ಮೊದಲು, ಮಾಲು ತಯಾರಾಗುವ ಹೊತ್ತಿನಲ್ಲೇ ಈ ಗುರಿಗಳ ಹೆಚ್ಚಿನ ಪಾಲು ತೀರ್ಮಾನವಾಗಿ ಹೋಗುತ್ತದೆ ಅನ್ನುವುದು ನನ್ನ ಅನುಭವ.

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ 193 ದೇಶಗಳು ಒಪ್ಪಿದ್ದು 17 ಗುರಿಗಳನ್ನು, ಅವುಗಳ ಅಡಿಯಲ್ಲಿ 169 ಉಪಗುರಿಗಳಿವೆ, ಗಡುವು 2030. ಬಣ್ಣದ ಚೌಕಗಳಲ್ಲಿ ಬರೆದ 17 ಶೀರ್ಷಿಕೆ ಓದಿದರೆ ಯಾವುದು ನಮಗೆ ಸಂಬಂಧಪಟ್ಟದ್ದು ಎಂದು ತಿಳಿಯುವುದೇ ಇಲ್ಲ, ಎಲ್ಲವೂ ಸರ್ಕಾರಗಳ ಕೆಲಸದಂತೆ ಕಾಣುತ್ತದೆ. ಉಪಗುರಿಗಳನ್ನು ಓದಿದಾಗ ನನಗೆ ದಾರಿ ಕಂಡಿತು. ಅವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಂಗಳದಲ್ಲಿ ಬೀಜ ಒಣಗಿಸುವಲ್ಲಿಂದ ಡಬ್ಬಕ್ಕೆ ತುಂಬುವಲ್ಲಿಯವರೆಗೆ ನಡೆದೆ. ಎಲ್ಲಿ ಯಾವ ಸಾಲು ತಾಗುತ್ತದೋ ಅಲ್ಲಿ ಗುರುತು ಹಾಕಿದೆ. ತಾಗದ್ದನ್ನು ಬಿಟ್ಟೆ. ಹದಿನೇಳರಲ್ಲೂ ಕೆಲಸ ಮಾಡುತ್ತೇವೆ ಎಂದು ಬರೆದುಕೊಡುವ ಫ್ಯಾಕ್ಟರಿಯನ್ನು ನಾನು ನಂಬುವುದಿಲ್ಲ.

ಮೊದಲ ಗುರುತು ಬಿದ್ದದ್ದು ಚಿಪ್ಪು ಒಡೆಯುವ ಕಟಿಂಗ್ ವಿಭಾಗದಲ್ಲಿ, ಹೆಂಗಸರ ಕೈಗಳ ಮೇಲೆ. ಸುರಕ್ಷಿತ ಕೆಲಸದ ಜಾಗ ಎಂದು ಹೇಳುವುದು ಉಪಗುರಿ 8.8. ಗೇರುಬೀಜದ ಚಿಪ್ಪಿನೊಳಗೆ ಸುಡುವಂಥ ಎಣ್ಣೆ ಇರುತ್ತದೆ. ಬೀಜವನ್ನು ಹಬೆಯಲ್ಲಿ ಬೇಯಿಸಿದರೆ ಚಿಪ್ಪು ಒಡೆಯಲು ಹದವಾಗುತ್ತದೆ, ಎಣ್ಣೆ ಮಾತ್ರ ಒಳಗೇ ಉಳಿದು ಒಡೆಯುವಾಗ ಕೈಗೆ ಬರುತ್ತದೆ. ಚರ್ಮ ಕಪ್ಪಾಗುತ್ತದೆ, ಸುಲಿಯುತ್ತದೆ. ಹರಳೆಣ್ಣೆ ಹಚ್ಚಿಕೊಂಡು, ಬೂದಿ ಸವರಿಕೊಂಡು ಕೂರುವುದು ಹಿಂದಿನಿಂದ ಬಂದ ರೂಢಿ. ಗ್ಲೌಸ್ ತರಿಸಿದ್ದೆವು, ಆದರೆ ಅವು ಕಿಟಕಿಯ ಮೇಲೆಯೇ ಇರುತ್ತಿದ್ದವು. ಯಾಕೆಂದು ಕೇಳಿದಾಗ ಹಳೆಯ ಕೆಲಸದವರೊಬ್ಬರು ನೇರವಾಗಿ ಹೇಳಿದರು: “ಅಕ್ಕಾ, ಗ್ಲೌಸ್ ಹಾಕಿದ್ರೆ ಬೀಜ ಬೆರಳಿಗೆ ಗೊತ್ತಾಗೂದಿಲ್ಲ. ಕೆಲ್ಸ ಹಿಂದೆ ಬೀಳ್ತದೆ. ಆ ಕೂಲಿ ಯಾರು ಕೊಡ್ತಾರೆ?”

ಅವರ ಮಾತಿನಲ್ಲೇ ಉತ್ತರವಿತ್ತು. ಕಿಲೋ ಲೆಕ್ಕದ ಕೂಲಿ ಇರುವವರೆಗೆ ಕೈ ಕಾಪಾಡಿಕೊಂಡವರಿಗೇ ದುಡ್ಡು ಕಡಿಮೆ. ಗ್ಲೌಸಿನ ಪ್ರಶ್ನೆ ಕೂಲಿಯ ಪ್ರಶ್ನೆಯೇ ಆಗಿತ್ತು. ಹಾಗಾಗಿ ದಿನಕ್ಕೊಂದು ಖಾತ್ರಿ ಕೂಲಿ ಗೊತ್ತುಮಾಡಿದೆವು. ಸರ್ಕಾರ ಹೇಳಿದ ಕನಿಷ್ಠ ವೇತನ, ಅದರ ಮೇಲೆ ತುಟ್ಟಿಭತ್ಯೆ. ಎಷ್ಟು ಕಿಲೋ ಆದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹೆಚ್ಚುವರಿಯನ್ನು ವೇಗಕ್ಕೆ ಕೊಡುವುದನ್ನು ನಿಲ್ಲಿಸಿ, ಇಡಿಯಾಗಿ ಬಂದ ತಿರುಳಿಗೆ ಕೊಡತೊಡಗಿದೆವು. ಗೋಡಂಬಿ ವ್ಯಾಪಾರದಲ್ಲಿ ಇಡಿ ತಿರುಳಿಗೂ ಹೋಳು-ಚೂರಿಗೂ ಬೆಲೆಯಲ್ಲಿ ದೊಡ್ಡ ಅಂತರ. ಅವಸರವಿಲ್ಲದ ಕೈಯಲ್ಲಿ ಬೀಜ ಒಡೆದು ಚೂರಾಗುವುದು ಕಡಿಮೆ. ಖಾತ್ರಿ ಕೂಲಿಗೆ ಹೋದ ದುಡ್ಡಿನ ಒಂದು ಭಾಗ ಗ್ರೇಡಿಂಗ್ ಮೇಜಿನ ಮೇಲೆ ವಾಪಸು ಬಂತು. ಎಲ್ಲವೂ ಬಂತು ಎಂದು ಹೇಳಲಾರೆ. ಉಳಿದದ್ದನ್ನು ಉತ್ಪಾದನೆಯ ಖರ್ಚು ಎಂದೇ ಬರೆದುಕೊಳ್ಳುತ್ತೇನೆ, ದಾನದ ಖಾತೆಗೆ ಹಾಕುವುದಿಲ್ಲ.

ಇಎಸ್‌ಐ, ಪಿಎಫ್, ಅಂದರೆ ಕೆಲಸದವರ ಆರೋಗ್ಯ ವಿಮೆ ಮತ್ತು ಭವಿಷ್ಯ ನಿಧಿಯ ವಿಷಯವೂ ಇದರ ಜೊತೆಗೇ ಬರುತ್ತದೆ. ಇಎಸ್‌ಐಗೆ ಮಾಲೀಕರ ಪಾಲು ಶೇ. 3.25, ಕೆಲಸದವರದ್ದು ಶೇ. 0.75. ಪಿಎಫ್‌ನ ಶೇ. 12 ಕೂಲಿಯಿಂದ ಕಳೆದರೆ ಕೈಗೆ ಬರುವುದು ಕಡಿಮೆಯಾಗುತ್ತದೆ ಎಂದು ಮೊದಮೊದಲು ಹೆಂಗಸರೇ ಬೇಡ ಅನ್ನುತ್ತಾರೆ. ಅದನ್ನು ನೆಪ ಮಾಡಿಕೊಂಡು ಸುಮ್ಮನಾಗುವ ಮಾಲೀಕರಿದ್ದಾರೆ. ಪಾಸ್‌ಬುಕ್ಕಿನಲ್ಲಿ ನಮ್ಮ ಪಾಲೂ ಜಮೆಯಾಗಿರುವುದನ್ನು ಒಬ್ಬೊಬ್ಬರಿಗೂ ಮೊಬೈಲಿನಲ್ಲಿ ತೆರೆದು ತೋರಿಸಿದ ಮೇಲೆ ಆ ಮಾತು ನಿಂತಿತು. ಕೂಲಿ ಹೋಗುವ ಬ್ಯಾಂಕ್ ಖಾತೆ ಆಯಾ ಹೆಂಗಸಿನ ಹೆಸರಿನಲ್ಲೇ ಇರಬೇಕು, ಗಂಡನ ಅಥವಾ ಮಗನ ಖಾತೆಗೆ ಹಾಕುವುದಿಲ್ಲ ಎಂಬ ನಿಯಮವನ್ನೂ ಆಗಲೇ ಮಾಡಿದೆವು.

ಎರಡನೆಯ ಗುರುತು ಶೌಚಾಲಯ. ಉಪಗುರಿ 6.2 ಹೆಂಗಸರ ಮತ್ತು ಹೆಣ್ಣುಮಕ್ಕಳ ಅಗತ್ಯಕ್ಕೆ ವಿಶೇಷ ಗಮನ ಕೊಡಿ ಎಂದು ಬಿಡಿಸಿಯೇ ಹೇಳುತ್ತದೆ. ಶೌಚಾಲಯ ದೂರವಿದ್ದರೆ, ಸಾಲು ಇದ್ದರೆ, ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಿರುಳು ಒಣಗಿಸುವ ಬೋರ್ಮಾದ ಬಿಸಿ ಪಕ್ಕದಲ್ಲೇ ಇರುವ ಜಾಗದಲ್ಲಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ, ನೀರು ಕುಡಿಯದೆ ಕೂತರೆ ಉರಿಮೂತ್ರ ಬರದೆ ಇರುತ್ತದೆಯೇ? ಪೀಲಿಂಗ್ ಹಾಲ್‌ಗೆ ತಾಗಿಕೊಂಡೇ ಶೌಚಾಲಯ ಕಟ್ಟಿಸಿದೆವು. ಒಳಗೆ ಚಿಲಕ, ಬೆಳಕು, ಮುಚ್ಚಳವಿರುವ ಬಕೆಟ್, ಕೈತೊಳೆಯಲು ಸೋಪು. ಇದರಲ್ಲಿ ದೊಡ್ಡ ತಂತ್ರಜ್ಞಾನ ಏನೂ ಇಲ್ಲ. ಆದರೂ ನಾನು ನೋಡಿದ ಎಷ್ಟೋ ಕಡೆ, ಗೋಡೆಯ ಮೇಲೆ ಸುಸ್ಥಿರತೆಯ ಬೋರ್ಡ್ ಇರುವಲ್ಲೂ, ಒಳಗಿನ ಚಿಲಕ ಇರುವುದಿಲ್ಲ.

ನೆಲದ ಮೇಲೆ ಕೂತು ಒಳಸಿಪ್ಪೆ ತೆಗೆಯುತ್ತಿದ್ದವರಿಗೆ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ ಬಂತು. ಕೆಲಸದ ಹೊತ್ತನ್ನು ಶಾಲೆಯ ಹೊತ್ತಿಗೆ ಹೊಂದಿಸಿದೆವು. ಮಕ್ಕಳನ್ನು ಕಳಿಸಿ ಬಂದು, ಅವರು ವಾಪಸಾಗುವ ಹೊತ್ತಿಗೆ ಮನೆ ಸೇರಬಹುದು. ಚಿಕ್ಕಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ. ಹೆಚ್ಚು ಹೆಂಗಸರು ಕೆಲಸ ಮಾಡುವಲ್ಲಿ ಶಿಶುಪಾಲನಾ ಕೋಣೆ ಇರಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆಯೇ ಹೇಳಿತ್ತು. ಅಷ್ಟು ಹಳೆಯ ಮಾತನ್ನು ಹೊಸ ಗುರಿ ಎಂದು ಬರೆದುಕೊಡಲು ನನಗೆ ಸಂಕೋಚವಾಗುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಯಂತ್ರದ ವಿಷಯ. ಕಾಲಿನಿಂದ ತುಳಿದು ಒಡೆಯುವ ಕಟರ್‌ಗಳ ಬದಲು ಆಟೊಮ್ಯಾಟಿಕ್ ಕಟಿಂಗ್ ಯಂತ್ರ, ಗಾಳಿಯ ಒತ್ತಡದಿಂದ ಒಳಸಿಪ್ಪೆ ಬಿಡಿಸುವ ಯಂತ್ರ ಬಂದಾಗ, ಅವುಗಳ ಮುಂದೆ ಗಂಡಸರು ನಿಲ್ಲುತ್ತಾರೆ, ಹೆಂಗಸರು ಹೊರಗಾಗುತ್ತಾರೆ. ಹೆಚ್ಚಿನ ಕಡೆ ಹಾಗೇ ನಡೆಯುತ್ತದೆ. ಉತ್ಪಾದಕತೆ ಹೆಚ್ಚಿಸಿ ಎಂದು ಉಪಗುರಿ 8.2 ಹೇಳಿದರೆ, ಹೆಂಗಸರಿಗೆ ಸಮಾನ ಅವಕಾಶ ಕೊಡಿ ಎಂದು 5.5 ಹೇಳುತ್ತದೆ. ಕಾಗದದ ಮೇಲೆ ಎರಡೂ ಅಕ್ಕಪಕ್ಕದಲ್ಲಿ ಚೆನ್ನಾಗಿಯೇ ಇರುತ್ತವೆ. ಫ್ಯಾಕ್ಟರಿಯಲ್ಲಿ ಎದುರುಬದುರು ನಿಲ್ಲುತ್ತವೆ. ಯಂತ್ರ ಬೇಡ ಎಂದು ಕೂರಲು ಆಗುವುದಿಲ್ಲ, ಕೈಗೆ ಎಣ್ಣೆ ತಾಗದಿರುವುದಕ್ಕೂ ಅದೇ ದಾರಿ. ಆದ್ದರಿಂದ ಯಂತ್ರಕ್ಕೆ ಆರ್ಡರ್ ಕೊಡುವಾಗಲೇ, ಬಂದು ಕೂರಿಸುವ ಮೆಕ್ಯಾನಿಕ್ ನಮ್ಮ ಕಟಿಂಗ್ ಹೆಂಗಸರಿಗೇ ಕಲಿಸಬೇಕು ಎಂದು ಷರತ್ತು ಹಾಕಿದೆವು. ಆ ಯಂತ್ರಕ್ಕೆ ಬೀಜವನ್ನು ಗಾತ್ರದ ಪ್ರಕಾರ ಬೇರೆ ಮಾಡಿಯೇ ಹಾಕಬೇಕು, ಗಾತ್ರಕ್ಕೆ ತಕ್ಕಂತೆ ಬ್ಲೇಡಿನ ಅಂತರ ಹೊಂದಿಸಬೇಕು. ಬೀಜದ ಗಾತ್ರ, ಒಣಗಿದ ಹದ ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈಗ ಆ ಸಾಲನ್ನು ನಡೆಸುವವರು ಅವರೇ, ಆಪರೇಟರ್ ಸಂಬಳವೇ ಅವರಿಗೆ ಸಿಗುತ್ತದೆ. ಯಂತ್ರ ಬಂದ ಮೇಲೆ ಒಟ್ಟು ಕೆಲಸದವರ ಸಂಖ್ಯೆ ಇಳಿಯಿತು. ಯಾರನ್ನೂ ತೆಗೆಯಲಿಲ್ಲ, ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ನಮ್ಮ ಊರಿನ ಮುಂದಿನ ಹುಡುಗಿಗೆ ಸಿಗಬೇಕಿದ್ದ ಕೆಲಸ ಅಷ್ಟರ ಮಟ್ಟಿಗೆ ಇಲ್ಲವಾಯಿತು, ಅದನ್ನು ಮುಚ್ಚಿಟ್ಟು ವರದಿ ಬರೆಯಬಾರದು.

ಹೊಗೆಯ ಕತೆ ಬೇರೆ. ಬೀಜದ ತೂಕದಲ್ಲಿ ಹೆಚ್ಚಿನ ಪಾಲು ಚಿಪ್ಪೇ. ಎಣ್ಣೆಯಿರುವ ಚಿಪ್ಪನ್ನು ಹಾಗೇ ಬಾಯ್ಲರಿಗೆ ಹಾಕಿದರೆ ಕಪ್ಪಗಿನ, ಗಂಟಲು ಕೆರೆಯುವ ಹೊಗೆ ಸುತ್ತಲಿನ ಮನೆಗಳ ಮೇಲೆ ಇಳಿಯುತ್ತದೆ. ಚಿಪ್ಪನ್ನು ಎಣ್ಣೆ ಮಿಲ್ಲಿಗೆ ಕೊಟ್ಟು, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನೇ ಉರುವಲಿಗೆ ವಾಪಸು ತರುತ್ತೇವೆ. ಆ ಎಣ್ಣೆ ಬ್ರೇಕ್ ಲೈನಿಂಗ್‌ಗೆ, ಪೇಂಟಿಗೆ, ರೆಸಿನ್‌ಗೆ ಹೋಗುತ್ತದೆ. ಚಿಪ್ಪಿಗೆ ದುಡ್ಡು ಬರುತ್ತದೆ, ಹೊಗೆಯೂ ಕಡಿಮೆ. ಬೀಜ ಬೇಯಿಸುವ ಕುಕ್ಕರಿನಿಂದ ಬರುವ ಕಪ್ಪು ನೀರು ತೋಡಿಗೆ ಇಳಿಯದಂತೆ ಗುಂಡಿ ಕಟ್ಟಿಸಿದ್ದೇವೆ. ಮಾಡಿನ ಮೇಲೆ ಸೋಲಾರ್ ಹಾಕಿದೆವು. ನಮ್ಮ ಕೆಲಸವೆಲ್ಲ ಹಗಲಿನಲ್ಲೇ ಆಗುವುದರಿಂದ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಸೋಲಾರ್‌ಗೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಊಟದ ಬಿಡುವಿನಲ್ಲಿ ಎಲ್ಲ ಯಂತ್ರ ನಿಂತಿರುವಾಗ ಕಂಪ್ರೆಸರ್ ಪೈಪುಗಳ ಬಳಿ ಹೋಗಿ ಕಿವಿಗೊಡಿ. ಎಲ್ಲೆಲ್ಲಿ ‘ಸುಯ್’ ಅನ್ನುತ್ತದೋ ಅಲ್ಲೆಲ್ಲ ಗಾಳಿ ಸೋರಿ ಕರೆಂಟು ಪೋಲಾಗುತ್ತಿದೆ ಎಂದು ತಿಳಿಯಿರಿ. ಆ ರಿಪೇರಿಗೆ ಆಗುವ ಖರ್ಚು ಅಲ್ಪ, ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಊರಿನ ಗೇರುತೋಟಗಳಿಂದ ಬರುವ ಬೀಜ ನಮಗೆ ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಕಡೆಯಿಂದ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತದೆ. ಆ ಬೀಜವನ್ನು ಹೆಕ್ಕಿದ ಕೈಗಳಿಗೆ ಎಷ್ಟು ಸಿಕ್ಕಿತು, ಅಲ್ಲಿ ಮಕ್ಕಳು ದುಡಿದರೋ ಎಂದು ಪ್ರಶ್ನಾವಳಿ ಕೇಳುತ್ತದೆ. ವ್ಯಾಪಾರಿಯಿಂದ ವ್ಯಾಪಾರಿಗೆ ದಾಟಿ ಬಂದ ಮಾಲಿಗೆ ನಾನು ‘ಇಲ್ಲ’ ಎಂದು ಬರೆದುಕೊಡುವುದಿಲ್ಲ, ‘ಪರಿಶೀಲಿಸಿಲ್ಲ’ ಎಂದೇ ಬರೆಯುತ್ತೇನೆ. ಆ ದೇಶಗಳು ತಮ್ಮ ಬೀಜವನ್ನು ತಾವೇ ಸಂಸ್ಕರಿಸಲು ಹೊರಟಿವೆ. ನಮ್ಮ ಫ್ಯಾಕ್ಟರಿಗಳಿಗೆ ಅದು ಕಷ್ಟದ ಸುದ್ದಿ, ಆದರೆ ಅಲ್ಲಿನ ಹೆಂಗಸರಿಗೆ ಅದು ಕೆಲಸ. ಹಾಗಾಗಿ ನಮಗೆ ಉಳಿಯುವ ದಾರಿ ಊರಿನ ಬೀಜ ಹೆಚ್ಚಿಸುವುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಕಸಿ ಗಿಡಗಳನ್ನು ಹಾಕಿದ ರೈತರಿಂದ ನಾವು ನೇರವಾಗಿ ಕೊಳ್ಳುತ್ತೇವೆ, ತೂಕ ಅವರೆದುರೇ ಆಗುತ್ತದೆ, ದುಡ್ಡು ತಡಮಾಡುವುದಿಲ್ಲ. ಹಣ್ಣು ಮಾತ್ರ ಇಂದಿಗೂ ಮರದಡಿಯಲ್ಲಿ ಕೊಳೆಯುತ್ತಿದೆ. ಬೀಜಕ್ಕಿಂತ ಎಷ್ಟೋ ಪಟ್ಟು ತೂಕದ ಆಹಾರ ಅದು. ಒಂದು ಫ್ಯಾಕ್ಟರಿಯಿಂದ ಆಗುವ ಕೆಲಸವಲ್ಲ, ಸಹಕಾರಿ ಸಂಘವೊಂದು ಕೈ ಹಾಕಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಬೆಲೆ ಕೇಳುವ ಹೊತ್ತು ಬರುತ್ತದೆ. ಉಪಗುರಿಗಳ ಪಟ್ಟಿ ಕಳಿಸಿದ ಕಂಪನಿಯ ಖರೀದಿ ವಿಭಾಗವೇ ಕಿಲೋಗೆ ಇಷ್ಟು ಇಳಿಸಿ ಎಂದು ಫೋನು ಮಾಡುತ್ತದೆ. ಪ್ರಶ್ನಾವಳಿ ಕಳಿಸಿದವರು ಬೇರೆ, ಬೆಲೆ ಮಾತಾಡುವವರು ಬೇರೆ. ಇಬ್ಬರೂ ಒಂದೇ ಕಟ್ಟಡದಲ್ಲಿ ಕೂತಿದ್ದರೂ ಪರಸ್ಪರ ಮಾತಾಡಿರುವುದಿಲ್ಲ. ದೊಡ್ಡ ವ್ಯವಹಾರಗಳು ನಿಜವಾಗಿ ಬೆಂಬಲ ಕೊಡುವುದಾದರೆ ಮೂರು ಕೆಲಸ ಮಾಡಲಿ. ಖರೀದಿ ಬೆಲೆಯಲ್ಲಿ ಕನಿಷ್ಠ ವೇತನ ಹೊಂದುತ್ತದೆಯೇ ಎಂದು ತಾವೇ ಲೆಕ್ಕ ಹಾಕಲಿ. ಸಣ್ಣ ಉದ್ದಿಮೆಗಳ ಕಾಯ್ದೆ ಹೇಳುವ 45 ದಿನದೊಳಗೆ ದುಡ್ಡು ಕೊಡಲಿ. ವರ್ಷವಿಡೀ ಆರ್ಡರ್ ಹಂಚಲಿ. ಮಳೆಗಾಲದಲ್ಲಿ ಆರ್ಡರ್ ನಿಂತರೆ ಫ್ಯಾಕ್ಟರಿ ಮುಚ್ಚಬೇಕಾಗುತ್ತದೆ, ಹೆಂಗಸರ ಸಂಪಾದನೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಕೊಟೇಶನ್ನಿನಲ್ಲಿ ಈಗ ಕೂಲಿ, ಇಎಸ್‌ಐ, ಪಿಎಫ್ ಸೇರಿದ ಮೊತ್ತವನ್ನು ಬೇರೆ ಸಾಲಿನಲ್ಲೇ ತೋರಿಸುತ್ತೇನೆ. ಕಚ್ಚಾ ಬೀಜದ ದರ, ಪ್ಯಾಕಿಂಗ್, ಸಾಗಣೆ, ನಮ್ಮ ಲಾಭ, ಇವುಗಳ ಮೇಲೆ ಎಷ್ಟು ಬೇಕಾದರೂ ಮಾತಾಡೋಣ, ಆ ಸಾಲಿನ ಮೇಲೆ ಚೌಕಾಸಿ ಇಲ್ಲ ಎಂದು ಮೊದಲೇ ತಿಳಿಸುತ್ತೇನೆ. ಕೆಲವರು ಅಲ್ಲಿಗೇ ಫೋನಿಡುತ್ತಾರೆ. ಉಳಿದವರಲ್ಲಿ ಒಬ್ಬರು ತಮ್ಮ ಇತರ ಪೂರೈಕೆದಾರರಿಗೂ ಇದೇ ರೀತಿ ಕೊಟೇಶನ್ ಕೊಡಲು ಹೇಳಿದ್ದಾರೆ.