ಬಿಸಿಯಾದರೆ ನಿಲ್ಲುವ ಯೆಜ್ಡಿ: ಕರೆಂಟಿನ ಜಾಡು ಹಿಡಿದಿದ್ದು ಹೀಗೆ

ನನ್ನದು ಎಂಬತ್ತರ ದಶಕದ ಯೆಜ್ಡಿ 250 ಬೈಕ್. ಆರು ವೋಲ್ಟಿನ ಗಾಡಿ, ಪಾಯಿಂಟ್ (ಇಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಇರುವ ಬ್ಯಾಟರಿ ಇಗ್ನಿಷನ್. ಬೆಳಿಗ್ಗೆ ಒಂದೆರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಮೈಸೂರಿನ ಒಳಗೆ ಓಡಾಡಲು ಏನೂ ತೊಂದರೆ ಇರಲಿಲ್ಲ. ಚಾಮುಂಡಿ ಬೆಟ್ಟದ ರಸ್ತೆ ಹಿಡಿದರೆ ಮಾತ್ರ ಅರ್ಧ ಏರುವಷ್ಟರಲ್ಲಿ ಮಿಸ್ಸಿಂಗ್ ಶುರುವಾಗಿ, ಆಮೇಲೆ ಆಫ್ ಆಗಿಬಿಡುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್!

ಇದನ್ನು ಹೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಕಾಯಿಲ್ ಹೋಗಿದೆ ಸರ್, ಬದಲಾಯಿಸಿಬಿಡಿ." ಬ್ಯಾಟರಿಯ ವೋಲ್ಟೇಜನ್ನು ಪ್ಲಗ್ಗಿಗೆ ಬೇಕಾದಷ್ಟು ಏರಿಸುವ ಈ ಕಾಯಿಲ್ ಬಿಸಿಗೆ ಕೈಕೊಡುವುದು ನಿಜವೇ. ಆದರೆ ಬಿಸಿಗೆ ಕೈಕೊಡುವ ಸಾಮಾನು ಅದೊಂದೇ ಅಲ್ಲ. ಊಹೆಯ ಮೇಲೆ ಒಂದೊಂದೇ ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತೆ, ರೋಗ ಹಾಗೇ ಉಳಿಯುತ್ತೆ. ಇನ್ನೊಂದು ವಿಷಯ, ಬಿಸಿಯಲ್ಲಿ ಬರುವ ತೊಂದರೆಯನ್ನು ತಣ್ಣಗಿರುವ ಗಾಡಿಯಲ್ಲಿ ಹುಡುಕಿದರೆ ಸಿಗಲ್ಲ. ಮೆಕ್ಯಾನಿಕ್ ಅಂಗಡಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಇಂಜಿನ್ ತಣ್ಣಗಾಗಿ ಎಲ್ಲವೂ ಸರಿಯಾಗಿರುತ್ತೆ. ಹಾಗಾಗಿ ಟೂಲ್ಸ್ ಬ್ಯಾಗಿಗೆ ಹಾಕಿಕೊಂಡು ಬೆಟ್ಟಕ್ಕೇ ಹೋದೆ.

ಮೊದಲು ಪೆಟ್ರೋಲಾ, ಕರೆಂಟಾ ಅಂತ ಬೇರೆ ಮಾಡಿಕೊಳ್ಳಬೇಕು. ಗಾಡಿ ನಿಂತ ತಕ್ಷಣ ನಾಲ್ಕು ಕಿಕ್ ಹೊಡೆದು ಪ್ಲಗ್ ಬಿಚ್ಚಿದೆ. ತುದಿ ಪೆಟ್ರೋಲಿನಲ್ಲಿ ಒದ್ದೆ. ಅಂದರೆ ಪೆಟ್ರೋಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಒಣಗಿದ್ದರೆ ಕಾರ್ಬ್ಯುರೇಟರ್ ಕಡೆ ನೋಡಬೇಕಿತ್ತು.

ಆಮೇಲೆ ಸ್ಪಾರ್ಕ್. ಇಲ್ಲಿ ಸುಮಾರು ಜನ ಮೋಸ ಹೋಗುತ್ತಾರೆ. ಪ್ಲಗ್ಗನ್ನು ಸಿಲಿಂಡರ್ ಹೆಡ್ ಮೇಲೆ ಇಟ್ಟು ಕಿಕ್ ಹೊಡೆದು, ಚಿಟ್ ಅಂದರೆ "ಕರೆಂಟ್ ಇದೆ" ಅಂತ ಮುಂದೆ ಹೋಗಿಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ 0.6 ಮಿಲಿಮೀಟರ್ ಗ್ಯಾಪ್ ಹಾರುವುದು ಏನೂ ಕಷ್ಟವಲ್ಲ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುವಾಗ ಅದೇ ಗ್ಯಾಪ್ ಹಾರಲು ಎಷ್ಟೋ ಪಟ್ಟು ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೆ ಒಂದು ಹಳೆ ಪ್ಲಗ್ ತೆಗೆದುಕೊಂಡು, ತುದಿಯಲ್ಲಿ ಬಾಗಿರುವ ಕಡ್ಡಿಯನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಇಟ್ಟುಕೊಂಡಿದ್ದೆ. ಈಗ ಸ್ಪಾರ್ಕ್ ನಡುವಿನ ಕಡ್ಡಿಯಿಂದ ಅಂಚಿನವರೆಗೂ ಹಾರಬೇಕು. ಮನೆಯಲ್ಲಿ ತಣ್ಣಗಿದ್ದಾಗ ಅದು ನೀಲಿಯಾಗಿ, ಚಟ್ ಚಟ್ ಅಂತ ಸದ್ದು ಮಾಡುತ್ತಾ ಹಾರಿತ್ತು. ಬೆಟ್ಟದ ಮೇಲೆ ಒಂದು ಸಲ ಸಣ್ಣಗೆ ಕೆಂಪಗೆ ಬಂತು, ಮುಂದಿನ ಸಲ ಇಲ್ಲವೇ ಇಲ್ಲ. (ಹೀಗೆ ನೋಡುವಾಗ ಪ್ಲಗ್ಗನ್ನು ಪ್ಲಗ್ ತೂತಿನಿಂದ ದೂರ ಇಡಿ. ಟೂ ಸ್ಟ್ರೋಕ್ ಗಾಡಿ, ಆ ತೂತಿನಿಂದ ಪೆಟ್ರೋಲ್ ಆವಿ ಉಗಿಯುತ್ತಿರುತ್ತೆ.)

ಕರೆಂಟ್ ಅಂತ ಖಾತ್ರಿಯಾಯ್ತು. ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿಕೊಂಡಿರುವಾಗ ಬ್ಯಾಟರಿಯಲ್ಲಿ 6.2 ವೋಲ್ಟ್. ಕಾಯಿಲ್ಲಿಗೆ ಬರುವ ವೈರಿನಲ್ಲಿ ನೋಡಿದರೆ 5.1! ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಒಂದು ವೋಲ್ಟ್ ಹೋದರೆ ಹೇಗೋ ನಡೆಯುತ್ತೆ. ಆರು ವೋಲ್ಟಿನಲ್ಲಿ ಅದು ಆರರಲ್ಲಿ ಒಂದು ಪಾಲು. ಕಾಯಿಲ್ ತುಂಬಿಕೊಳ್ಳುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಸ್ಪಾರ್ಕಿನ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿಹೋದ ಹಾಗೆ. ಇಗ್ನಿಷನ್ ಸ್ವಿಚ್ಚಿನ ಹಿತ್ತಾಳೆ ಕಾಂಟ್ಯಾಕ್ಟುಗಳು ಕಪ್ಪಗಾಗಿದ್ದವು, ಉಜ್ಜಿದೆ. ಅರ್ಥ್ ವೈರನ್ನು ಯಾರೋ ಪೇಂಟ್ ಮೇಲೆಯೇ ಬಿಗಿದಿದ್ದರು. ಅಲ್ಲಿ ಕೆರೆದು ಬರೀ ಲೋಹಕ್ಕೆ ಕೂರಿಸಿದೆ. 5.9 ಬಂತು. ಬೆಳಗಿನ ಸ್ಟಾರ್ಟಿಂಗ್ ಇನ್ನೂ ಸಲೀಸಾಯ್ತು. ಬೆಟ್ಟದ ಕಾಟ ಮಾತ್ರ ಹಾಗೇ ಇತ್ತು.

ಒಂದು ಎಚ್ಚರಿಕೆ: ಇಂಜಿನ್ ನಿಂತಿರುವಾಗ ಕೀ ಆನ್ ಮಾಡಿ ತುಂಬಾ ಹೊತ್ತು ಬಿಡಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತೆ. ಒಳ್ಳೆ ಕಾಯಿಲ್ಲೂ ಸುಡುತ್ತೆ.

ಮೈಸೂರಿನಲ್ಲಿ ಇರುವುದರ ಲಾಭ ಈಗ ಸಿಕ್ಕಿತು. ಈ ಗಾಡಿಗಳನ್ನು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇಲ್ಲೇ, ಯಾದವಗಿರಿಯಲ್ಲಿ. 1996ರಲ್ಲಿ ಮುಚ್ಚಿತು, ಆದರೆ ಅಲ್ಲಿ ದುಡಿದವರು ಇನ್ನೂ ಊರಲ್ಲಿದ್ದಾರೆ. ಅಂಥ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಾಯಿಲ್ ಮುಟ್ಟಬೇಡಿ ಸ್ವಾಮಿ. ಚೆನ್ನಾಗಿ ಬಿಸಿ ಮಾಡ್ಕೊಂಡು ಬನ್ನಿ. ಕತ್ತಲಲ್ಲಿ ಬಲಗಡೆ ಕವರ್ ಬಿಚ್ಚಿ, ಇಂಜಿನ್ ಓಡ್ತಿರೋವಾಗ್ಲೇ ಪಾಯಿಂಟ್ ನೋಡಿ" ಅಂದರು.

ರಾತ್ರಿ ರಿಂಗ್ ರೋಡಿನಲ್ಲಿ ಚೆನ್ನಾಗಿ ಓಡಿಸಿ ಬಂದು, ಮನೆ ಮುಂದೆ ಲೈಟ್ ಆರಿಸಿ ಕವರ್ ತೆಗೆದೆ. ಡೈನಮೋ ಮೇಲೆ ಪಾಯಿಂಟ್ ತೆರೆದು ಮುಚ್ಚುವ ಜಾಗದಲ್ಲಿ ಹಳದಿ ಬೆಂಕಿ ಪಟಪಟ ಹಾರುತ್ತಿತ್ತು, ಪಕ್ಕದ ವೈರು ಕಾಣುವಷ್ಟು ಬೆಳಕು. ಸರಿಯಾಗಿರುವ ಗಾಡಿಯಲ್ಲಿ ಸಣ್ಣ ನೀಲಿ ಚುಕ್ಕೆ ಕಂಡರೆ ಹೆಚ್ಚು. ಆಫ್ ಮಾಡಿ ಪಾಯಿಂಟ್ ಬಿಚ್ಚಿ ಟಾರ್ಚ್ ಹಿಡಿದರೆ ಒಂದು ಮುಖದಲ್ಲಿ ಗುಂಡಿ, ಇನ್ನೊಂದರ ಮೇಲೆ ಸಾಸಿವೆ ಕಾಳಿನ ಹಾಗೆ ಗುಬುಟು. ಒಂದರ ಲೋಹ ಇನ್ನೊಂದಕ್ಕೆ ಹೋಗಿ ಅಂಟಿತ್ತು.

ಇದು ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿರುವ, ಕರೆಂಟನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಸಣ್ಣ ಡಬ್ಬಿ) ಕೆಟ್ಟಿದ್ದರ ಗುರುತು. ಪಾಯಿಂಟ್ ತೆರೆದ ಕ್ಷಣ ಕಾಯಿಲ್ಲಿನ ಕರೆಂಟ್ ಹರಿಯುತ್ತಲೇ ಇರಲು ನೋಡುತ್ತೆ. ಕಂಡೆನ್ಸರ್ ಅದನ್ನು ನುಂಗಿಕೊಂಡರೆ ಕರೆಂಟ್ ಥಟ್ಟನೆ ಕಡಿಯುತ್ತೆ, ಪ್ಲಗ್ಗಿಗೆ ಹೈ ವೋಲ್ಟೇಜ್ ಹುಟ್ಟುತ್ತೆ. ನುಂಗಿಕೊಳ್ಳದಿದ್ದರೆ ಆ ಶಕ್ತಿಯೆಲ್ಲ ಪಾಯಿಂಟಿನಲ್ಲೇ ಬೆಂಕಿಯಾಗಿ ಹೋಗುತ್ತೆ. ಅದನ್ನೇ ನಾನು ಕತ್ತಲಲ್ಲಿ ನೋಡಿದ್ದು.

ತಮಾಷೆ ಅಂದರೆ ಅದೇ ಕಂಡೆನ್ಸರಿನ ಕೆಪ್ಯಾಸಿಟಿಯನ್ನು ಮೀಟರಿನಲ್ಲಿ ಅಳೆದರೆ 0.22 ಮೈಕ್ರೋಫ್ಯಾರಡ್, ಹೊಸದರ ಹಾಗೆ. ಮೀಟರ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ. ಪಾಯಿಂಟ್ ತೆರೆದಾಗ ಅದರ ಮೇಲೆ ಬೀಳುವುದು ಇನ್ನೂರು ಮುನ್ನೂರು ವೋಲ್ಟ್. ಬಿಸಿಯಲ್ಲಿ, ಅಷ್ಟು ಒತ್ತಡದಲ್ಲಿ ಒಳಗಡೆ ಸೋರಿದರೆ ಮೀಟರಿಗೆ ಹೇಗೆ ಗೊತ್ತಾಗಬೇಕು? ಇದನ್ನು ಪರೀಕ್ಷಿಸಲು ನನಗೆ ಗೊತ್ತಿರುವ ನಂಬಿಕೆಯ ದಾರಿ ಒಂದೇ: ಒಳ್ಳೆಯದೊಂದನ್ನು ಹಾಕಿ ನೋಡುವುದು.

ಸ್ಪೇರ್ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರ್ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಒಂದು ಅಂಗಡಿಯಿಂದ ತಂದಿದ್ದು ವಾರ ಬಾಳಲಿಲ್ಲ. ಅದಕ್ಕೆ ಅಂಬಾಸಿಡರ್ ಕಾರಿನ ಕಂಡೆನ್ಸರ್ ಹಾಕಿದೆ. ಬೆಲೆಯೂ ಕಡಿಮೆ, ಕೆಪ್ಯಾಸಿಟಿಯೂ ಹತ್ತಿರ ಹತ್ತಿರ ಅಷ್ಟೇ. ದೊಡ್ಡದಾದ್ದರಿಂದ ಕವರಿನೊಳಗೆ ಕೂರಲ್ಲ. ಕೂರದಿರುವುದೇ ಒಳ್ಳೆಯದು. ಇಂಜಿನ್ ಶಾಖದಿಂದ ದೂರ, ಕಾಯಿಲ್ ಪಕ್ಕ ಫ್ರೇಮಿಗೆ ಬಿಗಿದು, ಪಾಯಿಂಟ್ ವೈರ್ ಬರುವ ಟರ್ಮಿನಲ್ಲಿಗೇ ಸೇರಿಸಿದೆ. ಅದರ ಡಬ್ಬಿಗೆ ಅರ್ಥ್ ಗಟ್ಟಿಯಾಗಿ ಸಿಗಬೇಕು. ಹಳೆಯದನ್ನು ಪೂರ್ತಿ ತೆಗೆದುಹಾಕಬೇಕು. ಸೋರುವುದು ಜೊತೆಗಿದ್ದರೆ ಹೊಸದು ಇದ್ದೂ ಪ್ರಯೋಜನವಿಲ್ಲ.

ಹೊಸ ಪಾಯಿಂಟ್ ಹಾಕಿ, ಫೀಲರ್ ಗೇಜಿನಲ್ಲಿ ಗ್ಯಾಪ್ 0.4 ಮಿಲಿಮೀಟರ್ ಇಟ್ಟೆ. ಗ್ಯಾಪ್ ಮೊದಲು, ಟೈಮಿಂಗ್ (ಸ್ಪಾರ್ಕ್ ಹಾರುವ ಹೊತ್ತು) ಆಮೇಲೆ. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತೆ, ಅದಕ್ಕೇ ಈ ಕ್ರಮ.

ಆಮೇಲೆ ಬೆಟ್ಟದ ಮೇಲಿನವರೆಗೂ ನಿಲ್ಲದೆ ಹೋಯ್ತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಟಮಟ ಮಧ್ಯಾಹ್ನ ಹತ್ತಿಸಿದರೂ ಮಿಸ್ಸಿಂಗ್ ಇಲ್ಲ. ಕಾಯಿಲ್ ಹಳೆಯದೇ ಇದೆ. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿಬಿಡಿ ಅನ್ನುವವರು ಈಗಲೂ ಇದ್ದಾರೆ. ದಿನಾ ಆಫೀಸಿಗೆ ಓಡಿಸುವವರಿಗೆ ಅದು ಸರಿಯೇ. ನನಗೆ ರಸ್ತೆ ಬದಿಯಲ್ಲಿ ಸ್ಕ್ರೂಡ್ರೈವರಿನಲ್ಲೇ ಸರಿಯಾಗುವ ಪಾಯಿಂಟ್ ಇಷ್ಟ. ಹೊಸ ಪಾಯಿಂಟಿನ ಫೈಬರ್ ಹಿಮ್ಮಡಿ (ಪಾಯಿಂಟ್ ತೆರೆಸುವ ಕ್ಯಾಮ್ ಮೇಲೆ ಉಜ್ಜುವ ಭಾಗ) ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸವೆದು ಗ್ಯಾಪ್ ಕಡಿಮೆಯಾಗುತ್ತೆ. ಆಗ ಒಮ್ಮೆ ಮತ್ತೆ ಅಳೆದು, ಕ್ಯಾಮ್ ಉಜ್ಜುವ ಫೆಲ್ಟಿಗೆ ಒಂದು ಹನಿ ಎಣ್ಣೆ ಬಿಡಿ. ಒಂದೇ ಹನಿ. ಜಾಸ್ತಿಯಾದರೆ ಪಾಯಿಂಟಿಗೆ ಸಿಡಿಯುತ್ತೆ.